ಬಲಮುರಿ ಅಣು, ಎಡಮುರಿ ಅಣು: ಮಾತ್ರೆಯ ಹೆಸರಿಗೆ ‘ಲಿವೋ’ ಯಾಕೆ ಸೇರಿತು?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಧೂಳಿನ ಅಲರ್ಜಿಗೆ ಬಹಳ ದಿನದಿಂದ ಸೆಟಿರಿಜಿನ್ 10 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಈಗ ಡಾಕ್ಟರು ಲಿವೋಸೆಟಿರಿಜಿನ್ 5 ಮಿ.ಗ್ರಾಂ. ಬರೆದಿದ್ದಾರೆ. ಬಿಪಿಗೆ ಅಮ್ಲೋಡಿಪಿನ್ 5 ಇತ್ತು. ಅದು ಎಸ್-ಅಮ್ಲೋಡಿಪಿನ್ 2.5 ಆಗಿದೆ. ಅಪ್ಪನಿಗೆ ‘ಔಷಧ ಅರ್ಧಕ್ಕೆ ಇಳಿಸಿಬಿಟ್ಟರು’ ಎಂಬ ಚಿಂತೆ. ಮೆಡಿಕಲ್ ಶಾಪಿನವರು ‘ಎರಡೂ ಒಂದೇ ಸಾರ್’ ಅಂದರು. ಪಿಯುಸಿ ಓದುವ ಮಗಳು ‘ಒಂದೇ ಅಲ್ಲ, ಅವು ಕನ್ನಡಿ ಬಿಂಬದ ಅಣುಗಳು’ ಅನ್ನುತ್ತಾಳೆ. ಯಾರು ಸರಿ? ಕಣ್ಣಿಗೇ ಕಾಣದ ಅಣುವಿಗೆ ಎಡ ಬಲ ಎಲ್ಲಿಂದ ಬಂತು?

ಉತ್ತರ: ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನಿಮ್ಮ ಮಗಳ ಮಾತಿನಲ್ಲಿ ಪೂರ್ತಿ ಸತ್ಯ ಇದೆ. ತಂದೆಯವರ ಚಿಂತೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಪಾಪ ಅವರು ಕಾಯುವುದು ಬೇಡ. ಔಷಧ ಅರ್ಧಕ್ಕೆ ಇಳಿದಿಲ್ಲ. ಹಳೆಯ ಮಾತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಭಾಗ ಎಷ್ಟಿತ್ತೋ ಹೊಸದರಲ್ಲೂ ಅಷ್ಟೇ ಇದೆ. ಅದರ ಜೊತೆಗೆ ಬರುತ್ತಿದ್ದ ಇನ್ನೊಂದು ಭಾಗವನ್ನು ತೆಗೆದಿದ್ದಾರೆ.

ಆ ‘ಇನ್ನೊಂದು ಭಾಗ’ ಏನು ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. ನಾನು ಡಾಕ್ಟರಲ್ಲ. ಔಷಧ ತಯಾರಿಸುವ ಲ್ಯಾಬುಗಳಲ್ಲಿ ಇಂಥ ಅಣುಗಳನ್ನು ಬೇರ್ಪಡಿಸುವ ಕೆಲಸ ಮಾಡಿದವನು. ಈ ವಿಷಯ ನನಗೆ ತುಂಬ ಇಷ್ಟ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಛತ್ರದಲ್ಲಿ ಮದುವೆ ಊಟ ಮುಗಿಸಿ ಹೊರಗೆ ಬಂದಿದ್ದೀರಿ. ಕರೆಂಟ್ ಹೋಗಿದೆ. ಕತ್ತಲಲ್ಲಿ ನಿಮ್ಮದೇ ಒಂದು ಚಪ್ಪಲಿ ಸಿಕ್ಕಿತು. ಎಡದ್ದೋ ಬಲದ್ದೋ? ತಕ್ಕಡಿಯಲ್ಲಿ ತೂಗಿದರೆ ಗೊತ್ತಾಗುವುದಿಲ್ಲ. ಉದ್ದ ಅಳೆದರೂ ಗೊತ್ತಾಗುವುದಿಲ್ಲ. ಚರ್ಮ ಒಂದೇ, ಹೊಲಿಗೆ ಒಂದೇ. ಕಾಲು ತೂರಿಸಿದ ಕೂಡಲೇ ಗೊತ್ತಾಗುತ್ತದೆ. ಯಾಕೆಂದರೆ ಕಾಲಿಗೂ ಎಡ ಬಲ ಇದೆ.

ಅಣುಗಳಲ್ಲೂ ಇಂಥ ಜೋಡಿಗಳಿವೆ. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆ, ಅದೇ ಕ್ರಮದ ಕೊಂಡಿಗಳು. ಕರಗುವ ಉಷ್ಣಾಂಶ ಒಂದೇ, ಕುದಿಯುವ ಉಷ್ಣಾಂಶ ಒಂದೇ. ನೀರಿನಲ್ಲಿ ಕರಗುವ ಪ್ರಮಾಣವೂ ಒಂದೇ. ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಹೇಗೆ ತಿರುಗಿಸಿದರೂ ಒಂದರ ಮೇಲೆ ಒಂದು ಸರಿಯಾಗಿ ಕೂರುವುದಿಲ್ಲ. ನಿಮ್ಮ ಎರಡು ಅಂಗೈಗಳನ್ನು ಒಂದೇ ಕಡೆ ಮುಖ ಮಾಡಿ ಒಂದರ ಮೇಲೊಂದು ಇಟ್ಟು ನೋಡಿ. ಹೆಬ್ಬೆರಳುಗಳು ಎದುರು ಬದುರು ನಿಲ್ಲುತ್ತವೆ, ಅಲ್ವಾ? ಹಾಗೆ.

ಈ ಗುಣಕ್ಕೆ ರಸಾಯನಶಾಸ್ತ್ರದಲ್ಲಿ ಕೈರಾಲಿಟಿ ಎನ್ನುತ್ತಾರೆ. ಅಂಥ ಅಣು ಕೈರಲ್ ಅಣು. 1893ರ ಒಂದು ಉಪನ್ಯಾಸದಲ್ಲಿ ಲಾರ್ಡ್ ಕೆಲ್ವಿನ್ ಈ ಪದವನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ‘ಕೈರ್’ ಅಂದರೆ ಕೈ. ನಮ್ಮ ‘ಕೈ’ಗೂ ಅದಕ್ಕೂ ಸಂಬಂಧ ಇಲ್ಲ, ಉಚ್ಚಾರ ಆಕಸ್ಮಿಕವಾಗಿ ಹೊಂದಿದೆ. ಆದರೂ ಕನ್ನಡದ ಮಕ್ಕಳಿಗೆ ಈ ಪದ ನೆನಪಿಡುವುದು ಎಷ್ಟು ಸುಲಭ ನೋಡಿ! ಕೈಯಂತೆ ಇರುವುದು ಕೈರಲ್.

ನಮ್ಮ ಭಾಷೆಯಲ್ಲಿ ಇದಕ್ಕೆ ಹೊಂದುವ ಇನ್ನೂ ಚೆಂದದ ಪದಗಳಿವೆ: ಬಲಮುರಿ, ಎಡಮುರಿ. ಸೊಂಡಿಲು ಬಲಕ್ಕೆ ತಿರುಗಿದ ಗಣಪತಿ ಬಲಮುರಿ ಗಣಪತಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿ ಬಲಮುರಿ, ಎಡಮುರಿ ಎಂಬ ಹೆಸರಿನ ಜಾಗಗಳೇ ಇವೆ. ಈ ಬರಹದಲ್ಲಿ ನಾನು ಕನ್ನಡಿ ಜೋಡಿಯ ಅಣುಗಳನ್ನು ಬಲಮುರಿ, ಎಡಮುರಿ ಎಂದೇ ಕರೆಯುತ್ತೇನೆ.

ಅಣುವಿಗೆ ಈ ಮುರಿ ಎಲ್ಲಿಂದ ಬರುತ್ತದೆ? ಇದನ್ನು ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು. ಮಗಳನ್ನು ಅಡುಗೆಮನೆಗೆ ಕರೆಯಿರಿ. ಚಪಾತಿ ಹಿಟ್ಟಿನ ಎರಡು ಉಂಡೆ ಮಾಡಿ. ಅದು ಕಾರ್ಬನ್. ಪ್ರತಿ ಉಂಡೆಗೆ ನಾಲ್ಕು ಕಡ್ಡಿ ಚುಚ್ಚಿ. ಮೂರು ಕಡ್ಡಿ ಕೆಳಗೆ ಮುಕ್ಕಾಲಿಯ ಹಾಗೆ, ಒಂದು ನೆಟ್ಟಗೆ ಮೇಲಕ್ಕೆ. ಕಾರ್ಬನ್ ತನ್ನ ನಾಲ್ಕು ಕೈಗಳನ್ನು ಹೀಗೇ ಚಾಚುತ್ತದೆ. ಈಗ ನಾಲ್ಕು ತುದಿಗೆ ನಾಲ್ಕು ಬೇರೆ ಬೇರೆ ವಸ್ತು ಸಿಕ್ಕಿಸಿ: ಒಣದ್ರಾಕ್ಷಿ, ನೆನೆಸಿದ ಕಡಲೆ, ಕ್ಯಾರೆಟ್ ತುಂಡು, ಹಸಿ ಬಟಾಣಿ. ಎರಡನೇ ಉಂಡೆಗೆ ಮೊದಲನೆಯದನ್ನು ಕನ್ನಡಿಯಲ್ಲಿ ನೋಡಿಕೊಂಡು ಹಾಗೆಯೇ ಸಿಕ್ಕಿಸಿ. ಎರಡನ್ನೂ ಕೈಯಲ್ಲಿ ಹಿಡಿದು ಹೊಂದಿಸಲು ನೋಡಿ. ದ್ರಾಕ್ಷಿ, ಕಡಲೆ ಹೊಂದಿದರೆ ಕ್ಯಾರೆಟ್ ಮತ್ತು ಬಟಾಣಿ ಅದಲು ಬದಲಾಗಿರುತ್ತವೆ. ಎಷ್ಟು ತಿರುಗಿಸಿದರೂ ಅಷ್ಟೇ. ಈಗ ಎರಡು ಉಂಡೆಯಲ್ಲೂ ಬಟಾಣಿ ತೆಗೆದು ಅಲ್ಲಿಗೂ ಕಡಲೆಯನ್ನೇ ಹಾಕಿ. ತಕರಾರು ಮುಗಿಯಿತು, ಎರಡೂ ಒಂದೇ ಆದವು. ನಾಲ್ಕೂ ಬೇರೆಯಾಗಿದ್ದರೆ ಮಾತ್ರ ಆ ಕಾರ್ಬನ್ನಿಗೆ ಎಡ ಬಲ ಹುಟ್ಟುತ್ತದೆ.

ಈ ಮಾತನ್ನು 1874ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಹೇಳಿದರು. ಒಬ್ಬರು ನೆದರ್‌ಲ್ಯಾಂಡ್ಸಿನ ವಾಂಟ್ ಹಾಫ್, ಇನ್ನೊಬ್ಬರು ಫ್ರಾನ್ಸಿನ ಲ ಬೆಲ್. ವಾಂಟ್ ಹಾಫ್‌ಗೆ ಆಗ ಬರೀ 22 ವರ್ಷ. ಅಣುವನ್ನು ಯಾರೂ ಕಂಡಿಲ್ಲದ ಕಾಲ ಅದು. ಹೆಸರಾಂತ ಜರ್ಮನ್ ರಸಾಯನಶಾಸ್ತ್ರಜ್ಞ ಕೋಲ್ಬೆ ಈ ಹುಡುಗನನ್ನು ಅಚ್ಚಿನಲ್ಲೇ ಹೀನಾಯವಾಗಿ ಆಡಿಕೊಂಡರು. ವಾಂಟ್ ಹಾಫ್ ರಟ್ಟಿನಲ್ಲಿ ಮಾದರಿಗಳನ್ನು ಮಾಡಿ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಕಳಿಸಿದರು. 1901ರಲ್ಲಿ ರಸಾಯನಶಾಸ್ತ್ರಕ್ಕೆ ಮೊಟ್ಟಮೊದಲ ನೊಬೆಲ್ ಬಂದದ್ದು ಅವರಿಗೇ, ಬೇರೆ ಕೆಲಸಕ್ಕಾಗಿ.

ಆದರೆ ಎಡ ಬಲದ ಸುಳಿವು ಸಿಕ್ಕಿದ್ದು ಅದಕ್ಕೂ ಕಾಲು ಶತಮಾನ ಮುಂಚೆ. ಸಿಕ್ಕಿದ್ದು ಹುಳಿಯಲ್ಲಿ! ನಮ್ಮ ಸಾರಿಗೆ ಹಾಕುವ ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲೂ ಅದೇ ಇದೆ. ಯುರೋಪಿನಲ್ಲಿ ವೈನ್ ಪೀಪಾಯಿಗಳ ಒಳಗೆ ಗಟ್ಟಿ ಪದರವಾಗಿ ಕಟ್ಟುವ ವಸ್ತುವಿನಿಂದ ಇದನ್ನು ತೆಗೆಯುತ್ತಿದ್ದರು. ಕೆಲವೊಮ್ಮೆ ಕಾರ್ಖಾನೆಯಲ್ಲಿ ಅದರದೇ ಅಣುಸೂತ್ರದ ಇನ್ನೊಂದು ಆಮ್ಲವೂ ಸಿಗುತ್ತಿತ್ತು. ಅದನ್ನು ರೆಸಿಮಿಕ್ ಆಮ್ಲ ಎಂದು ಕರೆದರು. ಲ್ಯಾಟಿನ್‌ನಲ್ಲಿ ‘ರಸಿಮಸ್’ ಅಂದರೆ ದ್ರಾಕ್ಷಿ ಗೊಂಚಲು. ಎರಡಕ್ಕೂ ಒಂದು ವಿಚಿತ್ರ ವ್ಯತ್ಯಾಸ ಇತ್ತು.

ಅದನ್ನು ಹೇಳುವ ಮುಂಚೆ ಬೆಳಕಿನ ಬಗ್ಗೆ ಎರಡು ಮಾತು. ಸಾಮಾನ್ಯ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಅಲುಗುತ್ತವೆ. ಪೋಲರಾಯ್ಡ್ ಹಾಳೆಯೊಂದರ ಮೂಲಕ ಹಾಯಿಸಿದರೆ ಒಂದೇ ದಿಕ್ಕಿನ ಅಲುಗಾಟ ಉಳಿಯುತ್ತದೆ. ಅಂಥ ಬೆಳಕನ್ನು ಸಕ್ಕರೆ ನೀರಿನಲ್ಲಿ ಹಾಯಿಸಿದರೆ ಆ ದಿಕ್ಕೇ ಸ್ವಲ್ಪ ತಿರುಗುತ್ತದೆ. 1815ರಲ್ಲಿ ಫ್ರಾನ್ಸಿನ ಬಿಯೋ ಎಂಬ ವಿಜ್ಞಾನಿ ಇದನ್ನು ಟರ್ಪೆಂಟೈನ್‌ನಂಥ ದ್ರವಗಳಲ್ಲಿ ಕಂಡಿದ್ದರು. ಬೆಳಕನ್ನು ಬಲಕ್ಕೆ ತಿರುಗಿಸುವುದಕ್ಕೆ ಡೆಕ್ಸ್‌ಟ್ರೋ, ಎಡಕ್ಕೆ ತಿರುಗಿಸುವುದಕ್ಕೆ ಲಿವೋ ಎಂದು ಹೆಸರು ಬಂತು. ನಿಮ್ಮ ತಂದೆಯವರ ಮಾತ್ರೆಯ ಮೇಲಿರುವ ‘ಲಿವೋ’ ಇದೇ.

ಮಂಡ್ಯ, ಬೆಳಗಾವಿ ಕಡೆ ಕಬ್ಬು ಬೆಳೆಯುವ ಓದುಗರಿಗೆ ಇದು ಹೊಸದೇನಲ್ಲ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ‘ಪೋಲ್’ ನೋಡುತ್ತಾರಲ್ಲ, ಅದು ಈ ಬೆಳಕಿನ ತಿರುವಿನ ಅಳತೆಯೇ. ಸಕ್ಕರೆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತು ಎಂದು ನೋಡಿ ಎಷ್ಟು ಸಕ್ಕರೆ ಇದೆ ಎಂದು ಲೆಕ್ಕ ಹಾಕುತ್ತಾರೆ. ಕಡಿದ ಕಬ್ಬು ಗಾಡಿಯಲ್ಲೇ ಕಾದು ನಿಂತರೆ ಅದರ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ಎಡಕ್ಕೆ ಜೋರಾಗಿ ತಿರುಗಿಸುವಂಥದ್ದು. ಪೋಲ್ ಇಳಿಯುತ್ತದೆ. ರೈತನ ಬೆವರು ಬೆಳಕಿನ ಆ ಕೋನದಲ್ಲಿ ಕಾಣುತ್ತದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಮನೆಯಲ್ಲೂ ಇದನ್ನು ನೋಡಬಹುದು. ಜಾಮೂನಿನ ಪಾಕ ಗಟ್ಟಿಯಾಗಿ ಮಾಡಿ, ನೇರ ಗೋಡೆಯ ಗಾಜಿನ ಲೋಟಕ್ಕೆ ಹಾಕಿ. ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿ ಪುಟ ತೆರೆದು ಲೋಟವನ್ನು ಅದರ ಮುಂದಿಡಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಪರದೆ ಕಪ್ಪಾಗುವ ಜಾಗದಲ್ಲೂ ಪಾಕದ ಲೋಟ ಕಪ್ಪಾಗುವುದಿಲ್ಲ. ಬಣ್ಣ ಬಣ್ಣವಾಗಿ ಕಾಣುತ್ತದೆ.

ಈಗ ಹುಳಿಗೆ ವಾಪಸ್ ಬರೋಣ. ಟಾರ್ಟಾರಿಕ್ ಆಮ್ಲ ಬೆಳಕನ್ನು ಬಲಕ್ಕೆ ತಿರುಗಿಸುತ್ತಿತ್ತು. ರೆಸಿಮಿಕ್ ಆಮ್ಲ ತಿರುಗಿಸುತ್ತಲೇ ಇರಲಿಲ್ಲ. ಅಣುಸೂತ್ರ ಮಾತ್ರ ಒಂದೇ. ಯಾಕೆ? 1848ರಲ್ಲಿ ಪ್ಯಾರಿಸಿನಲ್ಲಿ 25 ವರ್ಷದ ಲೂಯಿ ಪಾಶ್ಚರ್ ಈ ಪ್ರಶ್ನೆ ಹಿಡಿದು ಕೂತರು. ಹುಚ್ಚುನಾಯಿ ಕಡಿತದ ಲಸಿಕೆಯಿಂದ ನಮಗೆ ಗೊತ್ತಿರುವ ಪಾಶ್ಚರ್ ಇವರೇ. ಆಗಿನ್ನೂ ರಸಾಯನಶಾಸ್ತ್ರದ ಹುಡುಗ. ರೆಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ, ಲೆನ್ಸ್ ಹಿಡಿದು ಒಂದೊಂದೇ ಹರಳನ್ನು ನೋಡಿದರು. ಹರಳಿನ ಒಂದು ಮೂಲೆಯಲ್ಲಿ ಸಣ್ಣ ಓರೆ ಮುಖ ಇತ್ತು. ಕೆಲವು ಹರಳಿನಲ್ಲಿ ಅದು ಬಲಗಡೆ, ಕೆಲವದರಲ್ಲಿ ಎಡಗಡೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೂತು ಎರಡು ರಾಶಿ ಮಾಡಿದರು. ಬೇರೆ ಬೇರೆ ಕರಗಿಸಿ ಬೆಳಕು ಹಾಯಿಸಿದರು. ಒಂದು ರಾಶಿ ಬಲಕ್ಕೆ ತಿರುಗಿಸಿತು. ಇನ್ನೊಂದು ಅಷ್ಟೇ ಎಡಕ್ಕೆ. ಎರಡನ್ನೂ ಸಮ ಸಮ ಬೆರೆಸಿದರೆ ತಿರುವು ಸೊನ್ನೆ.

ಒಡೆದು ಹೇಳಿದರೆ, ರೆಸಿಮಿಕ್ ಆಮ್ಲ ಎಂಬ ಬೇರೆ ವಸ್ತುವೇ ಇರಲಿಲ್ಲ. ಅದು ಬಲಮುರಿ ಮತ್ತು ಎಡಮುರಿಗಳ ಸಮಪಾಲು. ಇವತ್ತಿಗೂ ಅಂಥ ಸಮಪಾಲಿನ ಮಿಶ್ರಣಕ್ಕೆ ನಾವು ರೆಸಿಮಿಕ್ ಎಂದೇ ಹೇಳುವುದು. ನಿಮ್ಮ ತಂದೆಯವರ ಹಳೆಯ ಸೆಟಿರಿಜಿನ್ ಕೂಡ ರೆಸಿಮಿಕ್.

ಈ ಸುದ್ದಿ ಬಿಯೋ ಅವರಿಗೆ ತಲುಪಿತು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ನಂಬಲಿಲ್ಲ. ಪಾಶ್ಚರ್ ಅವರನ್ನು ಕರೆಸಿ, ಸಾಮಗ್ರಿಗಳನ್ನೆಲ್ಲ ತಾವೇ ಕೊಟ್ಟು, ತಮ್ಮ ಕಣ್ಣೆದುರಿಗೇ ಮಾಡಿಸಿದರು. ಹರಳು ಕಟ್ಟುವವರೆಗೆ ದ್ರಾವಣವನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಪಾಶ್ಚರ್ ಹರಳು ಆರಿಸಿಕೊಟ್ಟ ಮೇಲೆ ಎಡಮುರಿ ರಾಶಿಯನ್ನೇ ಮೊದಲು ಕರಗಿಸಿ ನೋಡಿದರು. ಬೆಳಕು ಎಡಕ್ಕೆ ತಿರುಗಿದ್ದು ಕಂಡ ಕೂಡಲೇ ಆ ಹಿರಿಯರು ಹುಡುಗನ ತೋಳು ಹಿಡಿದುಕೊಂಡರಂತೆ. ಬದುಕಿಡೀ ವಿಜ್ಞಾನವನ್ನು ಪ್ರೀತಿಸಿದ ನನಗೆ ಇದನ್ನು ಕಂಡು ಎದೆ ಬಡಿದುಕೊಳ್ಳುತ್ತಿದೆ ಎಂದರಂತೆ. ಪಾಶ್ಚರ್ ಅವರೇ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ. ಸಂಶಯದಿಂದ ಶುರು ಮಾಡಿ, ಸತ್ಯ ಕಂಡಾಗ ಹೀಗೆ ಮನಸ್ಸು ತುಂಬಿ ಒಪ್ಪಿಕೊಳ್ಳುವ ಹಿರಿಯರು ಸಿಕ್ಕರೆ ಯಾವ ಹುಡುಗನಾದರೂ ಬೆಳೆಯುತ್ತಾನೆ.

ಇದರಲ್ಲಿ ಅದೃಷ್ಟದ ಪಾಲೂ ಇತ್ತು. ಈ ಲವಣ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಮಾತ್ರ ಎರಡು ಥರದ ಹರಳಾಗಿ ಬೇರೆಯಾಗುತ್ತದೆ. ಅದಕ್ಕಿಂತ ಬಿಸಿಯಲ್ಲಿ ಎರಡೂ ಸೇರಿ ಒಂದೇ ಹರಳು ಕಟ್ಟುತ್ತವೆ. ಮೇ ತಿಂಗಳ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಕೂತಿದ್ದರೆ ಪಾಶ್ಚರ್‌ಗೆ ಆರಿಸಲು ಏನೂ ಸಿಗುತ್ತಿರಲಿಲ್ಲ.

ಮಗಳಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಿ. ಎಡ ಬಲಕ್ಕೆ ಇರುವ ಹೆಸರುಗಳು ಗೋಜಲು. ಲಿವೋ, ಡೆಕ್ಸ್‌ಟ್ರೋ ಅನ್ನುವುದು ಬೆಳಕು ಎತ್ತ ತಿರುಗಿತು ಎಂಬುದರ ಮೇಲೆ. ‘ಆರ್’, ‘ಎಸ್’ ಅನ್ನುವುದು ಕಾರ್ಬನ್ನಿನ ಸುತ್ತ ನಾಲ್ಕು ಗುಂಪುಗಳು ಹೇಗೆ ಕೂತಿವೆ ಎಂಬುದರ ಮೇಲೆ. ‘ಡಿ’, ‘ಎಲ್’ ಅನ್ನುವ ಹಳೆಯ ಪದ್ಧತಿ ಇನ್ನೊಂದು. ಇವಕ್ಕೆ ಒಂದಕ್ಕೊಂದು ನೇರ ಸಂಬಂಧ ಇಲ್ಲ. ತಾತನ ಎರಡು ಮಾತ್ರೆಗಳನ್ನೇ ನೋಡಲಿ. ಎರಡೂ ಬೆಳಕನ್ನು ಎಡಕ್ಕೆ ತಿರುಗಿಸುತ್ತವೆ. ಆದರೆ ಲಿವೋಸೆಟಿರಿಜಿನ್ ‘ಆರ್’ ರೂಪ, ಅಮ್ಲೋಡಿಪಿನ್ ‘ಎಸ್’ ರೂಪ. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೆ ‘ಎಲ್’ ಎಂದು ಹೆಸರು, ಅದು ತಿರುಗಿಸುವುದು ಬಲಕ್ಕೆ! ಶಂಖದಲ್ಲೂ ಹೀಗೇ ಇದೆ. ನಾವು ಅಪರೂಪದ ಬಲಮುರಿ ಶಂಖ ಎನ್ನುವುದನ್ನು ಜೀವಶಾಸ್ತ್ರಜ್ಞರು ಎಡಮುರಿ ಎಂದು ಬರೆಯುತ್ತಾರೆ. ಅವರು ಸುರುಳಿ ಶುರುವಾಗುವ ತುದಿಯನ್ನು ಮೇಲೆ ಮಾಡಿ ಹಿಡಿಯುತ್ತಾರೆ. ಶಂಖ ಬದಲಾಗಲಿಲ್ಲ, ಹಿಡಿದ ರೀತಿ ಬದಲಾಯಿತು.

ಪರೀಕ್ಷೆಯಲ್ಲಿ ಈ ಪದ್ಧತಿಗಳನ್ನು ಬೆರೆಸಿ ಅಂಕ ಕಳೆದುಕೊಳ್ಳುವ ಮಕ್ಕಳು ಬಹಳ. ಅದು ಅವರ ದಡ್ಡತನ ಅಲ್ಲ. ಅಣು ನಿಜವಾಗಿ ಎಡವೋ ಬಲವೋ ಎಂಬುದು 1951ರವರೆಗೆ ವಿಜ್ಞಾನಿಗಳಿಗೇ ಗೊತ್ತಿರಲಿಲ್ಲ. ಎಮಿಲ್ ಫಿಶರ್ ಎಂಬ ಮೇಧಾವಿ 1891ರಲ್ಲಿ ಸಕ್ಕರೆಗಳಿಗೆ ಒಂದು ದಿಕ್ಕನ್ನು ಊಹೆಯಿಂದ ಕೊಟ್ಟಿದ್ದರು. ಸರಿಯಾಗುವ ಸಾಧ್ಯತೆ ಅರ್ಧಕ್ಕರ್ಧ. ಅರವತ್ತು ವರ್ಷ ಆದ ಮೇಲೆ ನೆದರ್‌ಲ್ಯಾಂಡ್ಸಿನ ಬೈವೂಟ್ ಮತ್ತು ಅವರ ಜೊತೆಗಾರರು ಎಕ್ಸ್‌ರೇ ಹಾಯಿಸಿ ನೋಡಿದರು. ಅವರು ಆರಿಸಿಕೊಂಡದ್ದೂ ಟಾರ್ಟಾರಿಕ್ ಆಮ್ಲದ ಲವಣವನ್ನೇ. ಫಿಶರ್ ಊಹೆ ಸರಿಯಾಗಿತ್ತು.

ಸರಿ, ಲ್ಯಾಬಿನಲ್ಲಿ ಇಷ್ಟು ಕಷ್ಟಪಟ್ಟರೆ ಮಾತ್ರ ಗೊತ್ತಾಗುವ ವ್ಯತ್ಯಾಸ ನಮ್ಮ ದೇಹಕ್ಕೆ ಹೇಗೆ ಗೊತ್ತಾಗುತ್ತದೆ?

ಸಂತೆಗೆ ಹೋದಾಗ ಒಂದು ಕಟ್ಟು ಪುದೀನ ತನ್ನಿ. ಸಬ್ಬಸಿಗೆ ಬೀಜವೂ ಸ್ವಲ್ಪ ಇರಲಿ. ಎರಡನ್ನೂ ಬೇರೆ ಬೇರೆ ಉಜ್ಜಿ ಮೂಸಿ. ಮನೆಗಳಲ್ಲಿ ಬಳಸುವ ಸ್ಪಿಯರ್‌ಮಿಂಟ್ ಜಾತಿಯ ಪುದೀನದ ಪರಿಮಳದಲ್ಲಿ ಕಾರ್ವೋನ್ ಎಂಬ ಅಣು ದೊಡ್ಡ ಪಾಲು. ಸಬ್ಬಸಿಗೆ ಬೀಜದ ಎಣ್ಣೆಯಲ್ಲೂ ಕಾರ್ವೋನ್ ಇದೆ. ಅದೇ ಅಣು, ಆದರೆ ಕನ್ನಡಿ ಬಿಂಬ. ಶಾಹಿ ಜೀರಿಗೆಯಲ್ಲಿ ಇರುವುದೂ ಈ ಸಬ್ಬಸಿಗೆ ಕಡೆಯದು. ಪುದೀನ ಚಟ್ನಿಯ ವಾಸನೆಗೂ ಸಬ್ಬಸಿಗೆ ವಾಸನೆಗೂ ಯಾರಾದರೂ ತಪ್ಪು ಮಾಡುತ್ತಾರಾ? ಮೂಗಿನಲ್ಲಿ ವಾಸನೆ ಹಿಡಿಯುವ ಪ್ರೋಟೀನುಗಳಿಗೇ ಎಡ ಬಲ ಇದೆ. ಹಾಗಾಗಿ ಒಂದು ಕಾರ್ವೋನ್ ಒಂದು ಕಡೆ ಚೆನ್ನಾಗಿ ಕೂರುತ್ತದೆ, ಇನ್ನೊಂದು ಬೇರೆ ಕಡೆ. (ಪುಸ್ತಕಗಳಲ್ಲಿ ಕಿತ್ತಳೆ ಮತ್ತು ನಿಂಬೆಯ ಉದಾಹರಣೆಯೂ ಸಿಗುತ್ತದೆ. ಲಿಮೋನೀನ್‌ನ ಒಂದು ರೂಪ ಕಿತ್ತಳೆಯದು, ಅದರ ಕನ್ನಡಿ ರೂಪ ನಿಂಬೆಯದು ಅಂತ. ಅದು ತಪ್ಪು. ಎರಡೂ ಹಣ್ಣಿನ ಸಿಪ್ಪೆಯಲ್ಲಿ ಜಾಸ್ತಿ ಇರುವುದು ಒಂದೇ ರೂಪ. ನಿಂಬೆಯ ವಾಸನೆ ಮುಖ್ಯವಾಗಿ ಸಿಟ್ರಾಲ್ ಎಂಬ ಬೇರೆ ಅಣುವಿನದು.)

ದೇಹ ಎಲ್ಲಿ ನೋಡಿದರೂ ಹೀಗೇ ಒಂದು ಕಡೆಯದು. ನಮ್ಮ ಪ್ರೋಟೀನುಗಳನ್ನು ಕಟ್ಟಿರುವ ಅಮೈನೋ ಆಮ್ಲಗಳು ‘ಎಲ್’ ಗುಂಪಿನವು. ಗ್ಲೈಸಿನ್ ಒಂದಕ್ಕೆ ಮಾತ್ರ ಎಡ ಬಲ ಇಲ್ಲ. ಡಿಎನ್‌ಎಯಲ್ಲಿರುವ ಸಕ್ಕರೆ ‘ಡಿ’ ಗುಂಪಿನದು. ಇಂಥ ಸಾಮಗ್ರಿಯಿಂದ ಕಟ್ಟಿದ ಮನೆಯಲ್ಲಿ ಪ್ರತಿ ಬಾಗಿಲಿಗೂ ಎಡ ಬಲ ಇದ್ದೇ ಇರುತ್ತದೆ. ಬಾಟಲಿಯ ಒಳಗೆ ಎರಡು ಅಣುಗಳೂ ಒಂದೇ. ದೇಹದ ಒಳಗೆ ಅವು ಬೇರೆ. ಕತ್ತಲಲ್ಲಿ ಸಿಕ್ಕ ಚಪ್ಪಲಿಯ ಹಾಗೆ, ಕಾಲಿಗೆ ಹಾಕಿದಾಗಲೇ ಗೊತ್ತಾಗುವುದು.

ತಂದೆಯವರ ಅಲರ್ಜಿ ಮಾತ್ರೆಗೆ ಬನ್ನಿ. ಮೂಗು ಸುರಿಯುವುದು, ತುರಿಕೆ, ಸೀನು, ಇವುಗಳ ಹಿಂದೆ ಹಿಸ್ಟಮಿನ್ ಎಂಬ ದೇಹದ್ದೇ ರಾಸಾಯನಿಕ ಇದೆ. ಅದು ಹೋಗಿ ಕೂರುವ ಜಾಗದಲ್ಲಿ ಔಷಧ ಮೊದಲೇ ಕೂತುಬಿಟ್ಟರೆ ಹಿಸ್ಟಮಿನ್‌ಗೆ ಜಾಗ ಇಲ್ಲ. ಸೆಟಿರಿಜಿನ್‌ನ ಎರಡು ರೂಪಗಳಲ್ಲಿ ಲಿವೋ ರೂಪ ಆ ಜಾಗವನ್ನು ಇನ್ನೊಂದಕ್ಕಿಂತ ಸುಮಾರು 30 ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. 10 ಮಿ.ಗ್ರಾಂ. ಸೆಟಿರಿಜಿನ್‌ನಲ್ಲಿ 5 ಲಿವೋ, 5 ಡೆಕ್ಸ್‌ಟ್ರೋ. ಕೆಲಸವೆಲ್ಲ ಹೆಚ್ಚುಕಡಿಮೆ ಲಿವೋ ಮಾಡುತ್ತಿತ್ತು. ಈಗ ಆ 5ನ್ನು ಮಾತ್ರ ಕೊಡುತ್ತಿದ್ದಾರೆ. ಅಮ್ಲೋಡಿಪಿನ್ ಕಥೆಯೂ ಇದೇ. ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುವುದು ‘ಎಸ್’ ರೂಪ. 5ರಲ್ಲಿ ಅದು 2.5 ಇತ್ತು. ಈಗಲೂ 2.5.

ಅಂಗಡಿಯವರು ‘ಎರಡೂ ಒಂದೇ’ ಅಂದದ್ದು ಈ ಅರ್ಥದಲ್ಲಿ ಸರಿ. ಹೊಸ ಮಾತ್ರೆಯಿಂದ ಪವಾಡ ಆಗುವುದಿಲ್ಲ, ಹಳೆಯದು ಕೆಟ್ಟದ್ದೂ ಅಲ್ಲ. ಆದರೆ ಈ ಮಾತನ್ನು ಎಲ್ಲ ಔಷಧಕ್ಕೂ ಹಚ್ಚಿದರೆ ತಪ್ಪಾಗುತ್ತದೆ. ಕನ್ನಡಿ ಬಿಂಬ ಒಂದೊಂದು ಔಷಧದಲ್ಲಿ ಒಂದೊಂದು ಥರ ನಡೆದುಕೊಳ್ಳುತ್ತದೆ.

ಕೆಮ್ಮಿನ ಸಿರಪ್ ಬಾಟಲಿಯಲ್ಲಿ ಡೆಕ್ಸ್‌ಟ್ರೋಮೆಥಾರ್ಫನ್ ಎಂದು ಓದಿರುತ್ತೀರಿ. ಅದರ ಕನ್ನಡಿ ಬಿಂಬ ಲಿವೋಮೆಥಾರ್ಫನ್ ಅಫೀಮಿನ ಜಾತಿಯ ಬಲವಾದ ಮಾದಕ ಔಷಧ. ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಅದಕ್ಕೆ ನಿರ್ಬಂಧ ಇದೆ. ಥೈರಾಯ್ಡ್‌ಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ಲಿವೋಥೈರಾಕ್ಸಿನ್. ಅದರ ಕನ್ನಡಿ ರೂಪವನ್ನು ಒಂದು ಕಾಲಕ್ಕೆ ಕೊಲೆಸ್ಟರಾಲ್ ಇಳಿಸಲು ಕೊಟ್ಟು ನೋಡಿದ್ದರು. ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಸಾವು ಜಾಸ್ತಿ ಕಂಡು ನಿಲ್ಲಿಸಿದರು. ಐಬುಪ್ರೊಫೆನ್ ನೋವಿನ ಮಾತ್ರೆಯದು ಬೇರೆಯೇ ದಾರಿ. ಅದರ ಕೆಲಸ ಮಾಡದ ‘ಆರ್’ ರೂಪದ ದೊಡ್ಡ ಪಾಲನ್ನು ದೇಹವೇ ಕೆಲಸ ಮಾಡುವ ‘ಎಸ್’ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಅಸಿಡಿಟಿಯ ಒಮೆಪ್ರಜೋಲ್‌ನಲ್ಲಿ ಎಡ ಬಲ ಇರುವುದು ಕಾರ್ಬನ್ ಮೇಲಲ್ಲ, ಗಂಧಕದ ಮೇಲೆ. ಎರಡು ರೂಪವೂ ಹೊಟ್ಟೆಯ ಆಮ್ಲದಲ್ಲಿ ಎಡ ಬಲ ಇಲ್ಲದ ಒಂದೇ ವಸ್ತುವಾಗಿ ಕೆಲಸ ಮಾಡುತ್ತವೆ. ಎಸೊಮೆಪ್ರಜೋಲ್ ಬಂದದ್ದು ಲಿವರ್ ಅದನ್ನು ನಿಧಾನವಾಗಿ ಒಡೆಯುತ್ತದೆ ಎಂಬ ಕಾರಣಕ್ಕೆ. ಅದಕ್ಕೇ ಅಲ್ಲಿ ಡೋಸ್ ಅರ್ಧ ಆಗುವುದಿಲ್ಲ, 20 ಅಥವಾ 40 ಇರುತ್ತದೆ. ಹೆಸರಿನ ಮುಂದೆ ‘ಎಸ್’ ಬಂತು ಅಂತ ಮನೆಯಲ್ಲೇ ಅರ್ಧ ಮಾಡಿಕೊಳ್ಳಬಾರದು.

ಪಾರ್ಕಿನ್ಸನ್ ಕಾಯಿಲೆಯ ಔಷಧವನ್ನು ನೆನೆಯದೆ ಮುಂದೆ ಹೋಗಲಾರೆ. ಬೇಲಿ ಮೇಲೆ ಹಬ್ಬುವ ನಸುಗುನ್ನಿ ಬಳ್ಳಿ ಹಳ್ಳಿಯವರಿಗೆಲ್ಲ ಗೊತ್ತು, ಕಾಯಿ ತಾಗಿದರೆ ಕಿತ್ತುಕೊಳ್ಳುವಷ್ಟು ತುರಿಕೆ. ಅದರ ಬೀಜದಲ್ಲಿ ಆ ಔಷಧವೇ, ಅಂದರೆ ಎಲ್-ಡೋಪಾ, ಇದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಮದರಾಸಿನಲ್ಲಿ ಅದನ್ನು ಬೇರ್ಪಡಿಸಿದರು. 1960ರ ದಶಕದಲ್ಲಿ ರೋಗಿಗಳಿಗೆ ಡೋಪಾ ಕೊಟ್ಟು ನೋಡಿದಾಗ ಮೊದಲು ಕೊಟ್ಟದ್ದು ಎರಡೂ ರೂಪಗಳ ಮಿಶ್ರಣ. ನಡುಗುವ ಕೈ ನಿಂತಿತು, ಆದರೆ ಕೆಲವರಲ್ಲಿ ಬಿಳಿ ರಕ್ತಕಣ ಇಳಿಯಿತು. ‘ಎಲ್’ ರೂಪ ಮಾತ್ರ ಕೊಡಲು ಶುರು ಮಾಡಿದ ಮೇಲೆ ಆ ತೊಂದರೆ ತಪ್ಪಿತು.

ಇನ್ನು ಥಾಲಿಡೊಮೈಡ್. ಮಗಳು ಇದರ ಬಗ್ಗೆ ಓದಿಯೇ ಓದುತ್ತಾಳೆ, ಬಹುಶಃ ಅರ್ಧ ತಪ್ಪಾಗಿ ಓದುತ್ತಾಳೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಗೆ, ಸಂಕಟಕ್ಕೆ ಎಂದು ಈ ಮಾತ್ರೆ ಮಾರಾಟಕ್ಕೆ ಬಂತು. ಡಾಕ್ಟರ ಚೀಟಿಯೂ ಬೇಕಿರಲಿಲ್ಲ. ಬಸುರಿ ಹೆಂಗಸರು ಬೆಳಗಿನ ವಾಕರಿಕೆಗೆ ತೆಗೆದುಕೊಂಡರು. ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈ ಕಾಲು ಬೆಳೆಯದೆ ಹುಟ್ಟಿದರು. ಎಷ್ಟೋ ಮಕ್ಕಳು ಉಳಿಯಲಿಲ್ಲ. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ, ಕಂಪನಿಯ ಒತ್ತಡಕ್ಕೆ ಮಣಿಯದೆ, ಸುರಕ್ಷತೆಯ ಪುರಾವೆ ಸಾಲದು ಎಂದು ಅನುಮತಿ ತಡೆದಿದ್ದರು. ಆ ಒಂದು ಹಟದಿಂದ ಅಲ್ಲಿ ಎಷ್ಟು ಮಕ್ಕಳು ಉಳಿದರೋ!

ಥಾಲಿಡೊಮೈಡ್ ಕೂಡ ಬಲಮುರಿ ಎಡಮುರಿಗಳ ಮಿಶ್ರಣ. 1979ರಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ರೂಪ ಮಾತ್ರ ಹಾನಿಕರ ಎಂದು ಕಂಡಿತು. ಅಲ್ಲಿಂದ ಒಂದು ಕಥೆ ಹಬ್ಬಿತು: ‘ಒಳ್ಳೆಯ ರೂಪವನ್ನು ಮಾತ್ರ ಕೊಟ್ಟಿದ್ದರೆ ದುರಂತ ಆಗುತ್ತಲೇ ಇರಲಿಲ್ಲ.’ ಎಷ್ಟೋ ಪಾಠಗಳಲ್ಲಿ ಇದನ್ನು ಇವತ್ತೂ ಹೇಳುತ್ತಾರೆ. ಇದು ನಿಜವಲ್ಲ. ಥಾಲಿಡೊಮೈಡ್‌ನ ಎಡ ಬಲ ಗಟ್ಟಿಯಾಗಿ ನಿಲ್ಲುವಂಥದ್ದಲ್ಲ. ಅದರ ಕೈರಲ್ ಕಾರ್ಬನ್ ಮೇಲಿನ ಹೈಡ್ರೋಜನ್ ಸುಲಭವಾಗಿ ಕಳಚಿ ಮತ್ತೆ ಸೇರಿಕೊಳ್ಳುತ್ತದೆ. ಸೇರುವಾಗ ಈ ಕಡೆಯಿಂದಲೂ ಸೇರಬಹುದು, ಆ ಕಡೆಯಿಂದಲೂ ಸೇರಬಹುದು. ಹಾಗಾಗಿ ಒಂದೇ ರೂಪವನ್ನು ನುಂಗಿದರೂ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಎರಡೂ ಇರುತ್ತವೆ. ಬೇರ್ಪಡಿಸಿ ಕೊಟ್ಟಿದ್ದರೂ ಆ ಮಕ್ಕಳಿಗೆ ರಕ್ಷಣೆ ಸಿಗುತ್ತಿರಲಿಲ್ಲ. ಬಸಿರಿನಲ್ಲಿ ಸರಿಯಾಗಿ ಪರೀಕ್ಷೆ ಮಾಡದ ಔಷಧವನ್ನು ಬಸುರಿಯರ ಕೈಗೆ ಸಿಗುವಂತೆ ಬಿಟ್ಟದ್ದೇ ತಪ್ಪು. ರಸಾಯನಶಾಸ್ತ್ರದ ಸೊಗಸಾದ ಕಥೆಯಿಂದ ಆ ತಪ್ಪನ್ನು ಮುಚ್ಚಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದೇ ಔಷಧ ಈಗ ಕುಷ್ಠರೋಗದ ಒಂದು ನೋವಿನ ತೊಡಕಿಗೆ, ಮೈಲೋಮ ಎಂಬ ರಕ್ತದ ಕ್ಯಾನ್ಸರಿಗೆ ಉಪಯೋಗವಾಗುತ್ತಿದೆ. ಬಸಿರಾಗದಂತೆ ಕಟ್ಟುನಿಟ್ಟಿನ ಎಚ್ಚರ ಇಟ್ಟುಕೊಂಡೇ ಕೊಡುತ್ತಾರೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1992ರಲ್ಲಿ ಒಂದು ನೀತಿ ಪ್ರಕಟಿಸಿತು. ಔಷಧ ಕೈರಲ್ ಆಗಿದ್ದರೆ ಎರಡು ರೂಪಗಳೂ ಏನು ಮಾಡುತ್ತವೆ ಎಂದು ಕಂಪನಿ ಮೊದಲೇ ತಿಳಿದಿರಬೇಕು. ಅಲ್ಲಿಂದ ಮುಂದೆ ಹಳೆಯ ರೆಸಿಮಿಕ್ ಔಷಧಗಳ ಒಂದೇ ರೂಪವನ್ನು ಹೊಸ ಹೆಸರಿನಲ್ಲಿ ತರುವುದು ಜಾಸ್ತಿ ಆಯಿತು. ಕೆಲವು ಕಡೆ ಅದರಿಂದ ನಿಜವಾದ ಲಾಭ ಇದೆ. ಕೆಲವು ಕಡೆ ಪೇಟೆಂಟ್ ಅವಧಿ ಮುಗಿಯುವ ಲೆಕ್ಕವೇ ದೊಡ್ಡದು. ‘ಲಿವೋ’, ‘ಎಸ್’, ‘ಡೆಕ್ಸ್’ ಅನ್ನುವ ಮುಂಗುರುತು ಕಂಡ ಮಾತ್ರಕ್ಕೆ ಅದು ಉತ್ತಮ ಎಂದೇನಿಲ್ಲ. ಬೆಲೆ ಹೆಚ್ಚಿದ್ದರೆ, ಇದರಿಂದ ನನಗೆ ಏನು ಹೆಚ್ಚಿನ ಉಪಯೋಗ ಎಂದು ಡಾಕ್ಟರನ್ನು ಕೇಳುವುದು ನಿಮ್ಮ ಹಕ್ಕು.

ಎರಡು ರೂಪಗಳನ್ನು ಕಾರ್ಖಾನೆಯಲ್ಲಿ ಬೇರ್ಪಡಿಸುವುದು ಹೇಗೆ? ಪಾಶ್ಚರ್ ಹಾಗೆ ಚಿಮಟ ಹಿಡಿದು ಕೂರಲು ಆಗುವುದಿಲ್ಲ. ಒಂದು ಉಪಾಯ, ಇನ್ನೊಂದು ಕೈರಲ್ ವಸ್ತುವನ್ನು ಜೊತೆಗೆ ಹಾಕುವುದು. ಬಲಗೈಗೆ ಬಲಗೈ ಕೊಟ್ಟಾಗಿನ ಹಿಡಿತ ಬೇರೆ, ಎಡಗೈಗೆ ಕೊಟ್ಟಾಗಿನ ಹಿಡಿತ ಬೇರೆ. ಒಂದು ಜೋಡಿ ಬೇಗ ಹರಳುಗಟ್ಟಿ ತಳಕ್ಕೆ ಕೂರುತ್ತದೆ, ಇನ್ನೊಂದು ದ್ರಾವಣದಲ್ಲೇ ಉಳಿಯುತ್ತದೆ. ಅಮ್ಲೋಡಿಪಿನ್‌ಗೆ ಹೀಗೆ ಬಳಸುವ ವಸ್ತುಗಳಲ್ಲಿ ಒಂದು ಯಾವುದು ಗೊತ್ತೇ? ಟಾರ್ಟಾರಿಕ್ ಆಮ್ಲ! ಹುಣಸೆಯಲ್ಲಿ ಇರುವ ರೂಪ ಹಾಕಿದರೆ ‘ಆರ್’ ಹರಳುಗಟ್ಟುತ್ತದೆ. ಅದರ ಕನ್ನಡಿ ರೂಪ ಹಾಕಿದರೆ ನಮಗೆ ಬೇಕಾದ ‘ಎಸ್’. ಲ್ಯಾಬಿನಲ್ಲಿ ಮೊದಲ ಸಲ ಇಂಥ ಹರಳು ಕಟ್ಟುವುದನ್ನು ಕಾಯುತ್ತಾ ಕೂತ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ತಿಳಿಯಾದ ದ್ರಾವಣ ಇದ್ದಕ್ಕಿದ್ದಂತೆ ಮಂಜು ಕವಿದ ಹಾಗೆ ಆಯಿತು. ಬೆಳಗ್ಗೆ ಅದನ್ನು ಬೆಳಕಿನ ತಿರುವು ಅಳೆಯುವ ಪೋಲರಿಮೀಟರಿನಲ್ಲಿಟ್ಟು ಸಂಖ್ಯೆ ಎಡಕ್ಕೆ ಸರಿದದ್ದು ಕಂಡಾಗ, ಬಿಯೋ ಅವರ ಎದೆ ಯಾಕೆ ಬಡಿದುಕೊಂಡಿತು ಎಂದು ಅರ್ಥವಾಯಿತು.

ಈ ದಾರಿಯಲ್ಲಿ ಅರ್ಧ ಸರಕು ಬೇಡದ್ದಾಗಿ ಉಳಿಯುತ್ತದೆ. ಮೊದಲಿನಿಂದಲೇ ಒಂದೇ ರೂಪ ತಯಾರಾಗುವಂತೆ ಮಾಡುವುದು ಇನ್ನೂ ಜಾಣತನ. ಅದಕ್ಕೆ ಕೈರಲ್ ವೇಗವರ್ಧಕಗಳು ಬೇಕು. ಎಲ್-ಡೋಪಾವನ್ನು ಹೀಗೆ ದೊಡ್ಡ ಪ್ರಮಾಣದಲ್ಲಿ ಮಾಡುವ ದಾರಿ ತೋರಿಸಿದ ನೋಲ್ಸ್ ಅವರಿಗೆ 2001ರ ನೊಬೆಲ್ ಸಿಕ್ಕಿತು. ಅದನ್ನು ನೊಯೋರಿ ಮತ್ತು ಶಾರ್ಪ್‌ಲೆಸ್ ಜೊತೆ ಹಂಚಿಕೊಂಡರು. 2021ರಲ್ಲಿ ಲಿಸ್ಟ್ ಮತ್ತು ಮ್ಯಾಕ್‌ಮಿಲನ್‌ಗೆ ಬಂದ ನೊಬೆಲ್ಲೂ ಇದೇ ದಾರಿಯದು. ಲಿಸ್ಟ್ ಬಳಸಿದ್ದು ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು. ನಮ್ಮ ಮೈಯಲ್ಲೇ ಇರುವಂಥದ್ದು.

ಕೊನೆಗೆ ತಂದೆಯವರ ಔಷಧದ ಡಬ್ಬ. ಹಳೆಯ ಸೆಟಿರಿಜಿನ್, ಅಮ್ಲೋಡಿಪಿನ್ ಸ್ಟ್ರಿಪ್‌ಗಳು ಮನೆಯಲ್ಲಿ ಉಳಿದಿದ್ದರೆ ಇವತ್ತೇ ಬೇರೆ ತೆಗೆದಿಡಿ. ಹೆಸರು ಬೇರೆ ಇರುವುದರಿಂದ ಬೇರೆ ಔಷಧ ಎಂದುಕೊಂಡು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗುವ ಹಿರಿಯರಿದ್ದಾರೆ. ಹಾಗಾದರೆ ಡೋಸ್ ದುಪ್ಪಟ್ಟು ಆಗುತ್ತದೆ, ಬಿಪಿ ತೀರಾ ಇಳಿದು ತಲೆ ತಿರುಗಿ ಬೀಳಬಹುದು. ಹೊಸ ಮಾತ್ರೆ 2.5 ಎಂದು ಎರಡು ಸೇರಿಸಿ 5 ಮಾಡಿಕೊಳ್ಳುವುದೂ ಬೇಡ. ಅಂಗಡಿಯಲ್ಲಿ ‘ಇದರ ಬದಲು ಅದು’ ಎಂದು ಕೊಟ್ಟರೆ ಹೆಸರಿನ ಮುಂಗುರುತು ಮತ್ತು ಮಿ.ಗ್ರಾಂ. ಎರಡನ್ನೂ ಚೀಟಿಯ ಜೊತೆ ಹೋಲಿಸಿ ನೋಡಿ. ಸೆಟಿರಿಜಿನ್‌ನ ಎರಡು ರೂಪಗಳೂ ಮುಖ್ಯವಾಗಿ ಮೂತ್ರದಲ್ಲಿ ಹೊರಹೋಗುತ್ತವೆ. 71ರ ವಯಸ್ಸಿನಲ್ಲಿ ಕಿಡ್ನಿ ಸ್ವಲ್ಪ ನಿಧಾನ ಆಗಿರಬಹುದು. ಮುಂದಿನ ಸಲ ಹೋದಾಗ ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಡಾಕ್ಟರಿಗೆ ತೋರಿಸಿ, 5 ಸಾಕೇ, ಇನ್ನೂ ಕಡಿಮೆ ಬೇಕೇ ಎಂದು ಕೇಳಿ. ಲಿವೋ ಆದರೂ ನಿದ್ದೆ ಎಳೆಯುವ ಗುಣ ಪೂರ್ತಿ ಹೋಗಿರುವುದಿಲ್ಲ. ಸಂಜೆ ಹೊತ್ತಿಗೆ ತೆಗೆದುಕೊಳ್ಳಿ ಎಂದು ಬರೆದಿದ್ದರೆ ಸಂಜೆಯೇ ತೆಗೆದುಕೊಳ್ಳಲಿ.